ಕೈ ಅಡ್ಡ ಹಿಡಿದರೂ ಎಲೆಗೆ ಬಿದ್ದ ಹೋಳಿಗೆ

ಮದುವೆಮನೆಯ ಎರಡನೇ ಪಂಕ್ತಿ. ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ, ಗೊಜ್ಜು ಆಗಲೇ ಬಂದು ಕೂತಿವೆ. ಚಿತ್ರಾನ್ನ ಮುಗಿಯುವಷ್ಟರಲ್ಲಿ ಅನ್ನ, ತೊವ್ವೆ; ಅದರ ಹಿಂದೆಯೇ ಸಾರು. ಹೊಟ್ಟೆ ಮುಕ್ಕಾಲು ತುಂಬುವ ಹೊತ್ತಿಗೆ ಹೋಳಿಗೆಯ ತಟ್ಟೆ ಹಿಡಿದವರು ಬರುತ್ತಾರೆ, ಅವರ ಬೆನ್ನಿಗೆ ತುಪ್ಪದವರು. ಒಂದು ಹಾಕಿಸಿಕೊಂಡದ್ದಾಯಿತು. ಎರಡನೇ ಸುತ್ತಿಗೆ ಎಲೆಗೆ ಕೈ ಅಡ್ಡ ಹಿಡಿದದ್ದೂ ಆಯಿತು. "ಒಂದೇ ಒಂದು, ಸಂಕೋಚ ಮಾಡ್ಕೋಬೇಡಿ" ಎನ್ನುತ್ತಾ ಹುಡುಗಿಯ ಸೋದರಮಾವ ಎದುರಿಗೇ ನಿಂತಿದ್ದಾರೆ. ಪಕ್ಕದ ಎಲೆಯವರು ಮೂರನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾರೆ. ಬೆರಳ ಸಂದಿಯಿಂದ ಹೋಳಿಗೆ ಜಾರಿ ಎಲೆಗೆ ಬಿದ್ದೇಬಿಟ್ಟಿತು.

ಕೈ ತೊಳೆಯುವ ಜಾಗದಲ್ಲಿ ಯಾರಾದರೂ "ಇವತ್ತು ಜಾಸ್ತಿ ಆಯ್ತಾ?" ಎಂದು ಕೇಳಿದರೆ ಬರುವ ಉತ್ತರ ಎರಡರಲ್ಲಿ ಒಂದು. "ಹಸಿವಾಗಿತ್ತು" ಅಥವಾ "ಹೋಳಿಗೆ ಚೆನ್ನಾಗಿತ್ತು." ಪಕ್ಕದ ಎಲೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಇದು ಮದುವೆಮನೆಗಷ್ಟೇ ಸೇರಿದ ಸಂಗತಿಯಲ್ಲ. ಮನೋವಿಜ್ಞಾನಿ ಲೆನ್ನಿ ವಾರ್ಟೇನಿಯನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಜೊತೆಗಾರರೊಂದಿಗೆ ಕೂತು ತಿಂದವರ ಪ್ರಮಾಣ ಜೊತೆಗಾರರು ಎಷ್ಟು ತಿಂದರು ಎಂಬುದಕ್ಕೆ ಹೊಂದಿಕೊಂಡೇ ಇತ್ತು. ಆದರೆ ಕಾರಣ ಕೇಳಿದಾಗ ಬಹುತೇಕರು ಹೇಳಿದ್ದು ಹಸಿವು ಮತ್ತು ರುಚಿ. ಜೊತೆಗಿದ್ದವರನ್ನು ನೋಡಿ ತಿಂದೆ ಎಂದವರು ಬೆರಳೆಣಿಕೆಯಷ್ಟು.

ಮದುವೆಮನೆಯಲ್ಲಾದರೂ ಒತ್ತಾಯ ಮಾಡುವವರು ಕಣ್ಣಿಗೆ ಕಾಣುತ್ತಾರೆ. ಮನೆಯಲ್ಲಿ, ಆಫೀಸಿನಲ್ಲಿ, ಹೋಟೆಲಿನಲ್ಲಿ ಒತ್ತಾಯ ಮಾಡುವುದು ಸೌಟು, ಪೊಟ್ಟಣ, ಟೀವಿ, ಗಡಿಯಾರ. ಅವು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ.

ಹೊಟ್ಟೆ ತುಂಬಿತೆಂದು ಹೇಳುವವರು ಯಾರು?

ಊಟ ಮುಗಿಸುವ ತೀರ್ಮಾನ ಹೊಟ್ಟೆಯದು ಎಂಬುದು ಎಲ್ಲರ ನಂಬಿಕೆ. ಹೊಟ್ಟೆಗೂ ಅದರಲ್ಲಿ ಪಾಲಿದೆ. ಜಠರ ಹಿಗ್ಗಿದ ಸುದ್ದಿಯನ್ನು ನರಗಳು ಮಿದುಳಿಗೆ ಒಯ್ಯುತ್ತವೆ; ಆಹಾರ ಸಣ್ಣ ಕರುಳನ್ನು ತಲುಪಿದಾಗ ಹಸಿವು ತಣಿಸುವ ಹಾರ್ಮೋನುಗಳು ಹೊರಡುತ್ತವೆ. ಆದರೆ ಈ ಸುದ್ದಿ ನಿಧಾನವಾಗಿ ಹೋಗುತ್ತದೆ. ಹತ್ತು ನಿಮಿಷದಲ್ಲಿ ಊಟ ಮುಗಿಸಿ ಬಸ್ಸು ಹಿಡಿಯುವವರಿಗೆ ಅದು ತಲುಪುವುದು ಬಸ್ಸು ಹತ್ತಿದ ಮೇಲೆ.

ಹಾಗಾದರೆ ಅಲ್ಲಿಯವರೆಗೆ ಲೆಕ್ಕ ಇಡುವವರು ಯಾರು? ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ 1998ರಲ್ಲಿ ವರದಿ ಮಾಡಿದ ಪ್ರಯೋಗವೊಂದು ಇದಕ್ಕೆ ವಿಚಿತ್ರವಾದ ಉತ್ತರ ಕೊಟ್ಟಿತು. ಮಿದುಳಿಗೆ ಹಾನಿಯಾಗಿ, ಆಗಷ್ಟೇ ನಡೆದದ್ದನ್ನೂ ನೆನಪಿಡಲಾಗದ ಇಬ್ಬರಿಗೆ ಮಧ್ಯಾಹ್ನದ ಊಟ ಕೊಡಲಾಯಿತು. ಅವರು ಉಂಡರು. ಹತ್ತರಿಂದ ಮೂವತ್ತು ನಿಮಿಷದ ನಂತರ ಇನ್ನೊಂದು ಊಟ ತಂದಿಟ್ಟರು. ಅದನ್ನೂ ಉಂಡರು. ಮೂರನೆಯದನ್ನು ತಂದಾಗ ಅದಕ್ಕೂ ಸಾಮಾನ್ಯವಾಗಿ ಕೈ ಹಾಕಿದರು. ನೆನಪು ಸರಿಯಾಗಿದ್ದವರು ಎರಡನೇ ತಟ್ಟೆಯನ್ನೇ ಬೇಡವೆಂದರು. "ಈಗ ತಾನೇ ಉಂಡೆನಲ್ಲ" ಎಂಬ ನೆನಪೂ ಸಾಕೆನಿಸುವುದರ ಒಂದು ಭಾಗ ಎಂಬುದು ಇದರಿಂದ ತಿಳಿಯಿತು.

ಜಠರದ ನಾಲ್ಕು ಭಾಗಗಳಲ್ಲಿ ಎರಡನ್ನು ಘನ ಆಹಾರಕ್ಕೂ ಒಂದನ್ನು ದ್ರವಕ್ಕೂ ಬಿಟ್ಟು, ಉಳಿದದ್ದನ್ನು ಖಾಲಿ ಇಡಬೇಕೆಂದು ವಾಗ್ಭಟನ ಅಷ್ಟಾಂಗ ಹೃದಯ ಹೇಳುತ್ತದೆ. ಸಲಹೆ ಒಳ್ಳೆಯದೇ. ಆದರೆ ಮುಕ್ಕಾಲು ತುಂಬಿತೆಂದು ಗೊತ್ತಾಗಬೇಕಲ್ಲ! ಒಳಗಿನ ಸುದ್ದಿ ತಡವಾಗಿ ಬರುವುದರಿಂದ ಕಣ್ಣು ಹೊರಗಿನ ಗುರುತುಗಳನ್ನು ಹುಡುಕುತ್ತದೆ. ತಟ್ಟೆ ಖಾಲಿಯಾಯಿತೇ? ಪಕ್ಕದವರು ಮುಗಿಸಿದರೇ? ಧಾರಾವಾಹಿ ಮುಗಿಯಿತೇ?

ಬಡಿಸಿದಷ್ಟೂ ಒಂದು ಊಟ

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ದಶಕಗಳಿಂದ ಬಡಿಸುವ ಪ್ರಮಾಣವನ್ನೇ ಅಭ್ಯಾಸ ಮಾಡುತ್ತಾ ಬಂದವರು. 2002ರಲ್ಲಿ ಅವರ ತಂಡ 51 ಜನರಿಗೆ ಬೇರೆ ಬೇರೆ ದಿನ ಒಂದೇ ತಿಂಡಿಯನ್ನು, ಮ್ಯಾಕರೋನಿ ಮತ್ತು ಚೀಸನ್ನು, ನಾಲ್ಕು ಪ್ರಮಾಣದಲ್ಲಿ ಕೊಟ್ಟಿತು: 500, 625, 750 ಮತ್ತು 1000 ಗ್ರಾಂ. ಬೇಕಾದಷ್ಟು ತಿಂದು ಉಳಿದದ್ದನ್ನು ಬಿಡಬಹುದಿತ್ತು. ಅತಿ ದೊಡ್ಡ ಪ್ರಮಾಣ ಎದುರಿಗಿದ್ದ ದಿನ ಅವರ ಹೊಟ್ಟೆಗೆ ಹೋದ ಕ್ಯಾಲೊರಿ ಅತಿ ಚಿಕ್ಕದಿದ್ದ ದಿನಕ್ಕಿಂತ ಶೇ. 30ರಷ್ಟು ಹೆಚ್ಚು. ಕೊನೆಗೆ ಕೇಳಿದಾಗ, ಪ್ರಮಾಣದಲ್ಲಿ ವ್ಯತ್ಯಾಸವಿತ್ತೆಂದು ಗಮನಿಸಿದವರು ಶೇ. 45 ಮಂದಿ ಮಾತ್ರ. ಅರ್ಧ ಕೆಜಿಗೂ ಒಂದು ಕೆಜಿಗೂ ಇರುವ ಅಂತರ ಅರ್ಧಕ್ಕಿಂತ ಹೆಚ್ಚು ಜನರ ಕಣ್ಣಿಗೆ ಬಿದ್ದಿರಲಿಲ್ಲ.

ಇದು ಒಂದೇ ಪ್ರಯೋಗದ ಮಾತಲ್ಲ. ಇಂಥ 72 ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಬಂತು. ಬಡಿಸುವ ಪ್ರಮಾಣ, ಪೊಟ್ಟಣ, ಪಾತ್ರೆ ದೊಡ್ಡದಾದಷ್ಟೂ ತಿನ್ನುವುದು ಹೆಚ್ಚುತ್ತದೆ ಎಂಬುದೇ ಅದರ ನಿರ್ಣಯ.

ಈ ಸ್ವಭಾವ ಹುಟ್ಟಿನಿಂದ ಬಂದದ್ದೇ? ರೋಲ್ಸ್ ಮತ್ತು ಲಿಯಾನ್ ಬರ್ಚ್ 2000ದಲ್ಲಿ ಮಕ್ಕಳ ಮೇಲೆ ಇದೇ ಪರೀಕ್ಷೆ ಮಾಡಿದರು. ಮೂರು ವರ್ಷದವರಿಗೆ ಎಷ್ಟೇ ಬಡಿಸಿದರೂ ಅವರು ತಿನ್ನುವಷ್ಟನ್ನೇ ತಿಂದರು. ಐದು ವರ್ಷದವರು ಹೆಚ್ಚು ಬಡಿಸಿದಾಗ ಹೆಚ್ಚು ತಿಂದರು. "ತಟ್ಟೆಯಲ್ಲಿ ಒಂದಗುಳೂ ಬಿಡಬಾರದು" ಎಂಬ ಮಾತು ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ.

ಒಂದು ಮುದ್ದೆ ಎಂದರೆ ಎಷ್ಟು?

ಮಂಡ್ಯ, ಹಾಸನದ ಕಡೆ ಊಟದ ಅಳತೆ ಗ್ರಾಂನಲ್ಲಿಲ್ಲ, ಮುದ್ದೆಯಲ್ಲಿದೆ. "ನಂಗೆ ಒಂದು ಮುದ್ದೆ ಸಾಕು" ಎನ್ನುವವರು ಆ ಮುದ್ದೆ ಎಷ್ಟು ದೊಡ್ಡದೆಂದು ಹೇಳುವುದಿಲ್ಲ. ಅದು ಕಟ್ಟುವವರ ಕೈಗೆ ಬಿಟ್ಟದ್ದು. ಗದ್ದೆ ಕೆಲಸದವರಿಗಾಗಿ ಕಟ್ಟಿ ಅಭ್ಯಾಸವಾದ ಕೈ, ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹಿಡಿದ ಮೇಲೂ ಅದೇ ಗಾತ್ರದ ಮುದ್ದೆ ಕಟ್ಟುತ್ತದೆ. ಅವನೂ ಒಂದೇ ಮುದ್ದೆ ಉಣ್ಣುತ್ತಾನೆ.

ಒಂದು ಎಂದರೆ ಸರಿಯಾದ ಪ್ರಮಾಣ ಎಂದು ಮನಸ್ಸು ತಾನಾಗಿಯೇ ಒಪ್ಪಿಬಿಡುತ್ತದೆ. ರೋಜಿನ್ ಮತ್ತು ಸಂಗಡಿಗರು 2006ರಲ್ಲಿ ಇದನ್ನೂ ತೋರಿಸಿದರು. ದಾರಿಹೋಕರು ಬೇಕಾದಷ್ಟು ತೆಗೆದುಕೊಳ್ಳಲೆಂದು ಇಟ್ಟ ಪುಟ್ಟ ಚಾಕೊಲೇಟುಗಳ ಬೋಗುಣಿಯಲ್ಲಿ ಒಂದು ದಿನ ಸಣ್ಣ ಚಮಚ, ಇನ್ನೊಂದು ದಿನ ದೊಡ್ಡ ಸೌಟು. ಸೌಟಿದ್ದ ದಿನ ಜನ ಒಯ್ದದ್ದು ಹೆಚ್ಚು. ಒಂದು ಪ್ಲೇಟ್ ಇಡ್ಲಿ, ಒಂದು ದೋಸೆ, ಒಂದು ಪೊಟ್ಟಣ ಚಿಪ್ಸ್ ಎನ್ನುವಾಗಲೂ ನಡೆಯುವುದು ಇದೇ. ಗಾತ್ರ ಇಟ್ಟವರು ಹೋಟೆಲಿನವರು, ಕಂಪನಿಯವರು. ಅದನ್ನು "ಒಂದು" ಎಂದು ಎಣಿಸುವವರು ತಿನ್ನುವವರು.

ಧಾರವಾಡ, ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಬೇರೆಯೇ ಪದ್ಧತಿ. ಬಿಸಿ ಜೋಳದ ರೊಟ್ಟಿ ಒಂದೊಂದಾಗಿ ಬರುತ್ತದೆ. "ಇನ್ನೊಂದ್ ಹಾಕ್ಲೇನ್ರಿ?" ಎಂದು ಕೇಳಿದಾಗಲೆಲ್ಲ ಉಣ್ಣುವವರು ಒಂದು ಕ್ಷಣ ಯೋಚಿಸಿ ಬೇಕು, ಬೇಡ ಎನ್ನಲೇಬೇಕು. ಬೆಂಗಳೂರಿನ ಬೈಟು ಕಾಫಿಯಲ್ಲೂ ಅಳತೆ ತಾನಾಗಿಯೇ ಅರ್ಧಕ್ಕಿಳಿಯುತ್ತದೆ. ಕಾಸು ಉಳಿಸುವ ಉಪಾಯವಾದರೂ ಸಕ್ಕರೆಯೂ ಅರ್ಧವಾಗುತ್ತದೆ.

ಪಕ್ಕದ ಎಲೆ

ಜನ ದಿನವೂ ತಿಂದದ್ದನ್ನೆಲ್ಲ ಬರೆದಿಟ್ಟ ಡೈರಿಗಳನ್ನು ಅಮೆರಿಕದ ಸಂಶೋಧಕ ಜಾನ್ ಡಿ ಕ್ಯಾಸ್ಟ್ರೊ 1980ರ ದಶಕದಲ್ಲಿ ಅಧ್ಯಯನ ಮಾಡಿದರು. ಇತರರ ಜೊತೆ ಕೂತು ಮಾಡಿದ ಊಟ ಒಬ್ಬರೇ ಮಾಡಿದ ಊಟಕ್ಕಿಂತ ಶೇ. 44ರಷ್ಟು ದೊಡ್ಡದಾಗಿತ್ತು. ಜೊತೆಗಿರುವವರು ಮನೆಯವರು, ಸ್ನೇಹಿತರಾದರೆ ಈ ಪರಿಣಾಮ ಗಟ್ಟಿ. ಅಪರಿಚಿತರ ಎದುರು ಹಾಗಲ್ಲ. ಹರಟೆಯಲ್ಲಿ ಊಟದ ಹೊತ್ತು ಉದ್ದವಾಗುವುದು ಒಂದು ಕಾರಣ. ಪಂಕ್ತಿಯಲ್ಲಂತೂ ಎಲ್ಲರದೂ ಮುಗಿಯುವವರೆಗೆ ಏಳುವಂತಿಲ್ಲ. ಕೂತಿರುವಷ್ಟು ಹೊತ್ತೂ ಬಡಿಸುವವರು ಓಡಾಡುತ್ತಲೇ ಇರುತ್ತಾರೆ.

ಇನ್ನೊಂದು ಕಾರಣ ಎಲೆಯ ಮೇಲಿನ ವೈವಿಧ್ಯ. ಸಾರನ್ನ ಸಾಕೆನಿಸಿದ ಬಾಯಿಗೆ ಪಾಯಸ ಬೇಕೆನಿಸುತ್ತದೆ, ಪಾಯಸ ಸಾಕಾದಾಗ ಬಾಳಕದ ಮೆಣಸಿನಕಾಯಿಯ ಜೊತೆ ಮೊಸರನ್ನ ಇಳಿಯುತ್ತದೆ. ಒಂದು ರುಚಿಯ ಮೇಲೆ ತೃಪ್ತಿಯಾದರೂ ಇನ್ನೊಂದರ ಮೇಲೆ ಆಸೆ ಹಾಗೇ ಉಳಿಯುವ ಈ ಗುಣವನ್ನು ಪ್ರಯೋಗಾಲಯಗಳೂ ಮತ್ತೆ ಮತ್ತೆ ದೃಢಪಡಿಸಿವೆ.

ಹೊಟ್ಟೆಗೆ ಹೋಗದ್ದು ಎಲೆಯಲ್ಲಿ ಉಳಿಯುತ್ತದೆ. ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿದ್ದ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ವ್ಯರ್ಥವಾಗುತ್ತದೆಂದು 2012ರಲ್ಲಿ ಅಂದಾಜು ಮಾಡಿದ್ದರು.

ಕೈಗೆಟುಕುವುದು, ಕಣ್ಣು ತಪ್ಪಿಸುವುದು

ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಚಾಕೊಲೇಟಿನ ಬೋಗುಣಿಯನ್ನು ಕೆಲವರಿಂದ 20 ಸೆಂಟಿಮೀಟರ್ ದೂರದಲ್ಲಿಟ್ಟರು, ಇನ್ನು ಕೆಲವರಿಂದ 70 ಸೆಂಟಿಮೀಟರ್ ದೂರದಲ್ಲಿಟ್ಟರು. ಅಷ್ಟಕ್ಕೇ ದೂರವಿದ್ದವರು ತಿಂದದ್ದು ಕಡಿಮೆಯಾಯಿತು. ಮೇಜಿನ ಮೇಲೆ ಸದಾ ತೆರೆದಿರುವ ಖಾರ ಮಿಕ್ಸ್ಚರ್ ಡಬ್ಬಿ ಹಸಿವಿಲ್ಲದಿದ್ದರೂ ಖಾಲಿಯಾಗುವುದೇಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ.

ಟೀವಿ, ಮೊಬೈಲ್ ಎದುರು ಉಣ್ಣುವವರ ಕಥೆ ನೆನಪಿಗೆ ಸಂಬಂಧಿಸಿದ್ದು. ಲಿವರ್‌ಪೂಲ್‌ನ ಎರಿಕ್ ರಾಬಿನ್ಸನ್ ಮತ್ತು ಸಂಗಡಿಗರು 2013ರಲ್ಲಿ 24 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಮನ ಬೇರೆಡೆ ಇಟ್ಟು ತಿಂದವರು ಆಗ ತುಸು ಹೆಚ್ಚು ತಿಂದಿದ್ದರು. ಆಮೇಲಿನ ಹೊತ್ತಿಗೆ ಇನ್ನೂ ಹೆಚ್ಚು. ಉಂಡದ್ದು ಮನಸ್ಸಿನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಸಂಜೆಗೆ ಹಸಿವು ಬೇಗ ನೆನಪಾಗುತ್ತದೆ. ಮೊಬೈಲ್ ತೋರಿಸಿದರೆ ಮಗು ಬಾಯಿ ತೆರೆಯುತ್ತದೆಂದು ತುತ್ತಿಡುವ ಅಮ್ಮಂದಿರೂ ಅಜ್ಜಿಯರೂ ಇದನ್ನೊಮ್ಮೆ ಯೋಚಿಸಬೇಕು. ಬಾಯಿ ತೆರೆಯುವುದು ನಿಜ, ಆದರೆ ಸಾಕೆನಿಸಿದ್ದು ಮಗುವಿನ ಗಮನಕ್ಕೇ ಬರುವುದಿಲ್ಲ.

ಆಹಾರದ ರೂಪವೂ ಪ್ರಮಾಣವನ್ನು ಬದಲಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿ ಆಸ್ಪತ್ರೆಯಲ್ಲೇ ಉಳಿದು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರವನ್ನೂ ತಿಂದರು. ಸಂಸ್ಕರಿಸಿದ್ದನ್ನು ತಿಂದ ದಿನಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಹೋಗಿತ್ತು, ಬೇಗ ಬೇಗ ತಿಂದಿದ್ದರು. ರುಚಿ ಹೇಗಿತ್ತೆಂದು ಕೇಳಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟಿದ್ದರು.

ಚಿಕ್ಕ ತಟ್ಟೆಯ ಕಥೆ

"ಚಿಕ್ಕ ತಟ್ಟೆಯಲ್ಲಿ ಉಣ್ಣಿ, ಸಣ್ಣಗಾಗುತ್ತೀರಿ" ಎಂಬ ಸಲಹೆಯನ್ನು ಕೇಳದವರು ಕಡಿಮೆ. ಇಂಥ ಸಲಹೆಗಳನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್. ಅವರ ಅಂಕಿಅಂಶಗಳಲ್ಲಿ ಹುಳುಕು ಕಂಡು, 2018ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕಾ ಸಮೂಹವೊಂದು ಒಂದೇ ಸಲಕ್ಕೆ ಅವರ ಆರು ಪ್ರಬಂಧಗಳನ್ನು ಹಿಂದೆಗೆದುಕೊಂಡಿತು. ಸಂಶೋಧನೆಯಲ್ಲಿ ದುರ್ನಡತೆ ನಡೆದಿದೆ ಎಂದು ವಿಶ್ವವಿದ್ಯಾಲಯವೂ ಹೇಳಿತು. ಅವರು ಹುದ್ದೆ ಬಿಟ್ಟರು. ತಟ್ಟೆಯ ಗಾತ್ರದ ಬಗ್ಗೆ ಬೇರೆಯವರು ನಡೆಸಿದ ಪ್ರಯೋಗಗಳ ಫಲಿತಾಂಶ ಒಂದೇ ರೀತಿ ಇಲ್ಲ. ಚಿಕ್ಕ ತಟ್ಟೆಗೆ ಮೂರು ಸಲ ಬಡಿಸಿಕೊಂಡರೆ ತಟ್ಟೆ ಏನು ಮಾಡೀತು? ತಟ್ಟೆಗೆ ಬೀಳುವ ಪ್ರಮಾಣದ ಬಗ್ಗೆ ಇರುವ ಪುರಾವೆ ಅದಕ್ಕಿಂತ ಗಟ್ಟಿ.

ಗೊತ್ತಿದ್ದರೂ ಕೈ ನಿಲ್ಲದು

ಇಷ್ಟೆಲ್ಲ ತಿಳಿದ ಮೇಲೆ ಎಚ್ಚರದಿಂದ ಉಂಡರಾಯಿತು ಎನಿಸುವುದು ಸಹಜ. ವಾರ್ಟೇನಿಯನ್ ಮತ್ತವರ ಸಹೋದ್ಯೋಗಿಗಳು ಇದನ್ನೂ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಬಡಿಸುವ ಪ್ರಮಾಣ ಹೇಗೆ ಮೋಸ ಮಾಡುತ್ತದೆಂದು ಕೆಲವರಿಗೆ ಮೊದಲೇ ತಿಳಿಸಿಕೊಟ್ಟರು. ಇನ್ನು ಕೆಲವರಿಗೆ ಒಳಗಿನ ಹಸಿವನ್ನು ಗಮನಿಸುವ ಅಭ್ಯಾಸ ಮಾಡಿಸಿದರು. ಆಮೇಲೆ ಪಾಸ್ತಾ ಬಡಿಸಿದರು. ದೊಡ್ಡ ಪಾಲು ಸಿಕ್ಕವರು ಎಂದಿನಂತೆ ಹೆಚ್ಚೇ ತಿಂದರು. ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ತೀರ್ಮಾನವನ್ನು ತಟ್ಟೆಯ ಮುಂದೆ ಕೂತ ಮೇಲೆ ಮಾಡುವುದಕ್ಕಿಂತ ಒಲೆಯ ಬಳಿ, ಅಂಗಡಿಯಲ್ಲಿ, ಬಡಿಸುವ ಮೊದಲೇ ಮಾಡಿಟ್ಟುಕೊಳ್ಳುವುದು ಸುಲಭ. ಅದಕ್ಕೆ ಕೆಲವು ದಾರಿಗಳಿವೆ.

ಅಡುಗೆಮನೆಯಲ್ಲಿ: ಎಣ್ಣೆಯನ್ನು ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯಬೇಕು. 15 ಮಿಲಿಲೀಟರಿನ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಧಾರೆಯಾಗಿ ಸುರಿದಾಗ ಎಷ್ಟು ಚಮಚ ಬಿತ್ತೆಂದು ಯಾರಿಗೂ ಗೊತ್ತಾಗದು. ಅನ್ನಕ್ಕೆ ಅಕ್ಕಿಯನ್ನು ಪಾವಿನ ಬದಲು ತಲೆಗಿಷ್ಟೆಂದು ಸಣ್ಣ ಲೋಟದಲ್ಲಿ ಅಳೆದರೆ ಉಳಿದ ಅನ್ನ "ಸುಮ್ಮನೆ ಹಾಳಾಗುತ್ತೆ" ಎಂದು ಯಾರದೋ ತಟ್ಟೆಗೆ ಬೀಳುವುದು ತಪ್ಪುತ್ತದೆ. ಮುದ್ದೆ ಕಟ್ಟುವವರು ಗಾತ್ರವನ್ನು ತುಸು ಇಳಿಸಿದರೆ ಲೆಕ್ಕ ಒಂದೇ ಮುದ್ದೆಯಾಗಿ ಉಳಿಯುತ್ತದೆ.

ಊಟದ ಹೊತ್ತಿನಲ್ಲಿ: ಅನ್ನದ ಪಾತ್ರೆ ಒಲೆಕಟ್ಟೆಯ ಮೇಲಿರಲಿ, ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿ ಕೈಗೆಟುಕುವಂತೆ ಮುಂದಿರಲಿ. ಎರಡನೇ ಸಲಕ್ಕೆ ಎದ್ದು ಹೋಗಬೇಕಾದರೆ ಹಸಿವಿದ್ದವರಷ್ಟೇ ಏಳುತ್ತಾರೆ. ಟೀವಿ ಆರಿಸಲಾಗದ ಮನೆಯಲ್ಲಿ ಕನಿಷ್ಠ ಬಡಿಸಿಕೊಂಡಾದ ಮೇಲೆ ಅದರ ಮುಂದೆ ಕೂರಬಹುದು, ಪಾತ್ರೆಯನ್ನು ಜೊತೆಗೆ ಒಯ್ಯಬಾರದು.

ಅಂಗಡಿಯಲ್ಲಿ: ಪೊಟ್ಟಣದ ಹಿಂದಿನ ಕ್ಯಾಲೊರಿ ಲೆಕ್ಕ ಇಡೀ ಪೊಟ್ಟಣದ್ದಲ್ಲ. 100 ಗ್ರಾಂಗೆ ಎಷ್ಟು, ಒಂದು ಸರ್ವಿಂಗ್‌ಗೆ ಎಷ್ಟು ಎಂದು ಬರೆದಿರುತ್ತದೆ. ಪೊಟ್ಟಣದ ತೂಕ ನೋಡಿ ಗುಣಿಸಬೇಕು. ಅಗ್ಗವೆಂದು ಫ್ಯಾಮಿಲಿ ಪ್ಯಾಕ್ ತಂದರೆ ಬಂದ ದಿನವೇ ಸಣ್ಣ ಡಬ್ಬಿಗಳಿಗೆ ಹಂಚಿ ಮೇಲಿನ ಶೆಲ್ಫಿಗೆ ಏರಿಸುವುದು ಒಳ್ಳೆಯದು.

ಹೋಟೆಲಿನಲ್ಲಿ: ಫುಲ್ ಮೀಲ್ಸ್ ಟೋಕನ್ ಕೈಗೆ ಬಂದರೆ ಕೊಟ್ಟ ದುಡ್ಡಿಗೆ ಸರಿಯಾಗಿ ಉಣ್ಣಬೇಕೆನಿಸುವುದು ಸಹಜ. ಪ್ಲೇಟ್ ಮೀಲ್ಸ್ ತೆಗೆದುಕೊಂಡು, ಬೇಕಾದರೆ ಒಂದು ಚಪಾತಿ ಹೆಚ್ಚು ಹೇಳಿದರೂ ನಡೆಯುತ್ತದೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ ದೇಶದಲ್ಲಿದೆ. ಬೆಲೆ ನೋಡುವ ಕಣ್ಣು ಅದರ ಪಕ್ಕದ ಸಂಖ್ಯೆಯನ್ನೂ ನೋಡಬಹುದು.

ಮದುವೆಮನೆಯಲ್ಲಿ: ಖಾಲಿ ಜಾಗ ಕಂಡರೆ ಬಡಿಸುವವರ ಕೈ ತಡೆಯದು. ಮೊದಲು ಹಾಕಿದ ಹೋಳಿಗೆಯಲ್ಲಿ ಒಂದು ಚೂರನ್ನು ಎಲೆಯಲ್ಲೇ ಉಳಿಸಿಕೊಂಡು ಕೊನೆಗೆ ತಿಂದರೆ, "ಇನ್ನೂ ಇದೆಯಲ್ಲ" ಎಂದು ಅವರೇ ಮುಂದೆ ಹೋಗುತ್ತಾರೆ. "ಬೇಡ" ಎಂದರೆ ಒತ್ತಾಯ ಹೆಚ್ಚುತ್ತದೆ. "ಅರ್ಧ ಹಾಕಿ" ಎಂದರೆ ಅರ್ಧಕ್ಕೇ ನಿಲ್ಲುತ್ತದೆ. ಬಡಿಸುವವರಿಗೂ ಒಂದು ಉಪಾಯವಿದೆ: ಮೊದಲ ಸುತ್ತಿಗೇ ಅರ್ಧ ಹೋಳಿಗೆ ಹಾಕಿ, ಬೇಕೆಂದವರಿಗೆ ಮತ್ತೆ ಕೊಟ್ಟರೆ ಉಪಚಾರಕ್ಕೂ ಕೊರತೆಯಿಲ್ಲ, ಎಲೆಯಲ್ಲೂ ಉಳಿಯದು.

ಎಲ್ಲರಿಗೂ ಕಡಿಮೆಯೇ ಬೇಕೆಂದಿಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ. 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ರಾಜ್ಯದಲ್ಲಿ ಸಾಕಷ್ಟು ಉಣ್ಣದವರೂ ಇದ್ದಾರೆ. ಮಕ್ಕಳು ಊರು ಬಿಟ್ಟ ಮೇಲೆ ಒಬ್ಬರೇ ಉಳಿದ ಅಜ್ಜಿ ಬೆಳಗಿನ ಅನ್ನಕ್ಕೇ ರಾತ್ರಿ ಮಜ್ಜಿಗೆ ಕಲಸಿ ಎರಡು ತುತ್ತಿಗೆ ಊಟ ಮುಗಿಸುತ್ತಾರೆ. ಜೊತೆಗಾರರಿದ್ದರೆ ಊಟ ದೊಡ್ಡದಾಗುತ್ತದೆಂಬ ಸಂಗತಿ ಅವರ ಪಾಲಿಗೆ ಔಷಧ. ವಾರಕ್ಕೆರಡು ಸಲ ಪಕ್ಕದ ಮನೆಯವರು ಜೊತೆಗೆ ಕೂತರೂ ವ್ಯತ್ಯಾಸ ಕಾಣಬಹುದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಊಟವೆಂದರೇ ಭಯ ಬಿದ್ದು ಹೊಟ್ಟೆ ಕಟ್ಟುವ ಹದಿಹರೆಯದವರು ಪ್ರಮಾಣವನ್ನು ತಾವಾಗಿಯೇ ಇಳಿಸಬಾರದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಉಳಿದವರು ಮನೆಯಲ್ಲೇ ಒಂದು ಪುಟ್ಟ ಪರೀಕ್ಷೆ ಮಾಡಬಹುದು. ಒಂದೇ ತೂಕದ ಎರಡು ಖಾರ ಮಿಕ್ಸ್ಚರ್ ಪೊಟ್ಟಣ ತಂದು, ಮೊದಲನೆಯದನ್ನು ಡಬ್ಬಿಗೆ ಸುರಿದು ಟೀವಿ ಎದುರಿನ ಟೀಪಾಯಿಯ ಮೇಲಿಡಬೇಕು. ಅದನ್ನು ಇಟ್ಟ ದಿನವನ್ನೂ ಖಾಲಿಯಾದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡನೆಯದನ್ನು ಅದೇ ಡಬ್ಬಿಗೆ ಸುರಿದು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಬಟ್ಟಲು ಚಮಚದ ಸಮೇತ ಇಡಬೇಕು. ಮನೆಯವರಿಗೆ ಏನನ್ನೂ ಹೇಳಬಾರದು. ಡಬ್ಬಿ ಎರಡನೇ ಸಲ ಖಾಲಿಯಾದ ದಿನ ಗುರುತುಗಳನ್ನೆಲ್ಲ ತೋರಿಸಿ, ಮೊದಲನೆಯದು ಅಷ್ಟು ಬೇಗ ಯಾಕೆ ಮುಗಿಯಿತೆಂದು ಎಲ್ಲರನ್ನೂ ಕೇಳಬೇಕು. "ಆ ಸಲದ್ದು ಗರಿಗರಿಯಾಗಿತ್ತು" ಎಂದು ಒಬ್ಬರಾದರೂ ಹೇಳುತ್ತಾರೆ.